ತೋಳಕ್ಕೆ ಕೈ ಮಾಡದ ಕಾಕಾ

ಕಾಕಾನ ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ದೊಡ್ಡ ಗಂಟೊಂದಿತ್ತು. ಉಣ್ಣೆ ಕತ್ತರಿಸುವ ಕಬ್ಬಿಣದ ಕತ್ತರಿ ಮೂವತ್ತು ವರ್ಷ ಒತ್ತಿ ಒತ್ತಿ ಎಬ್ಬಿಸಿದ ಗಂಟು. ಚಿಕ್ಕವಳಿದ್ದಾಗ ನಾನು ಅದನ್ನು ಒತ್ತಿ, "ನೋಯ್ತೈತೇನು ಕಾಕಾ?" ಎಂದು ಕೇಳುತ್ತಿದ್ದೆ. "ಅದರಾಗ ನಂದೇನೂ ಇಲ್ಲವ್ವಾ, ಎಲ್ಲಾ ಕತ್ತರೀದು" ಎನ್ನುತ್ತಿದ್ದ. ಆ ಕೈಗೆ ಯಾವಾಗಲೂ ಹಸಿ ಉಣ್ಣೆಯ ವಾಸನೆ. ಸಾಬೂನು ಹಚ್ಚಿ ತೊಳೆದರೂ ಹೋಗುತ್ತಿರಲಿಲ್ಲ, ತೊಳೆಯುವ ಗೋಜಿಗೂ ಅವನು ಹೆಚ್ಚು ಹೋಗುತ್ತಿರಲಿಲ್ಲ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಅಪ್ಪ ಹೊಲ ನೋಡಿಕೊಂಡರೆ ಕಾಕಾ ಕುರಿ ನೋಡಿಕೊಂಡ. ಕರಜಗಿಯ ಹತ್ತಿರದ ನಮ್ಮ ವಸ್ತಿಯಲ್ಲಿ ಎರಡು ಮನೆ, ನಡುವೆ ಒಂದು ಬೇವಿನ ಗಿಡ, ಹಿಂದೆ ಕುರಿಹಟ್ಟಿ. ಹಿಂಡಿನಲ್ಲಿ ಎಪ್ಪತ್ತರ ಹತ್ತಿರ ಕುರಿ ಇದ್ದವು. ಅವನು ಅವನ್ನು ಎಣಿಸಿದ್ದನ್ನು ನಾನು ನೋಡಿಲ್ಲ. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸಿ, "ಆ ಬಿಳಿ ಕಿವೀದು ಬಂದಿಲ್ಲ" ಎಂದು ಬಂದ ದಾರಿಯಲ್ಲೇ ತಿರುಗಿ ಹೋಗುತ್ತಿದ್ದ. ಸಾಲಿ ಕಲಿತದ್ದು ಮೂರನೆಯ ಇಯತ್ತೆವರೆಗೆ. ಮಾತು ಕಡಿಮೆ. ಮನುಷ್ಯರ ಜೊತೆ ಆಡಬೇಕಾದ ಮಾತನ್ನೆಲ್ಲ ಕುರಿಗಳ ಜೊತೆ ಮುಗಿಸಿಯೇ ಮನೆಗೆ ಬರುತ್ತಾನೆ ಎಂದು ಅವನ ಹೆಂಡತಿ, ನಮ್ಮ ಕಾಕು, ಅಣಕಿಸುತ್ತಿದ್ದಳು.

ಇನ್ನು ನನ್ನ ಕಥೆ. ನಾನು ಜತ್ತದಲ್ಲಿ ಆನ್‌ಲೈನ್ ಅರ್ಜಿ ತುಂಬಿ ಕೊಡುವ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮದು ಗಡಿಯ ಊರು, ಆಡುವುದು ಕನ್ನಡ, ಸರಕಾರ ಮರಾಠಿಯದು. ಮಂದಿ ಕನ್ನಡದಲ್ಲಿ ಹೇಳುತ್ತಾರೆ, ನಾನು ಮರಾಠಿಯಲ್ಲಿ ತುಂಬುತ್ತೇನೆ, ಅರ್ಜಿ ಇಂಗ್ಲಿಷಿನಲ್ಲಿ ತಿರಸ್ಕಾರವಾಗಿ ವಾಪಸ್ ಬರುತ್ತದೆ. ದಿನವಿಡೀ ಹೀಗೆ ಕಳೆದವಳಿಗೆ ಸಂಜೆ ಯಾರನ್ನಾದರೂ ಕಡಿಯಬೇಕು ಅನ್ನಿಸಿದರೆ ತಪ್ಪಿಲ್ಲ. ಅದಕ್ಕೆಂದೇ ಅಂಗಡಿಯವರು ಬಿಟ್ಟುಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಗೇಮ್ ಹಾಕಿಕೊಂಡಿದ್ದೆ. ಒಬ್ಬ ಯೋಧ, ಕೈಯಲ್ಲಿ ಕೊಡಲಿ, ಮೈತುಂಬ ಉಕ್ಕಿನ ಅಂಗಿ. ದೂರದ ಕೋಟೆಯಲ್ಲಿ ಒಬ್ಬ ರಾಕ್ಷಸ ರಾಜ. ಅವನನ್ನು ಮುಟ್ಟುವವರೆಗೆ ದಾರಿಯುದ್ದಕ್ಕೂ ಭೂತ, ಬೇತಾಳ, ಎಲುಬಿನ ಸೈನಿಕರು ಹಿಂಡುಹಿಂಡಾಗಿ ಮೈಮೇಲೆ ಬೀಳುತ್ತಾರೆ, ಕಡಿಯುತ್ತ ಹೋಗಬೇಕು. ಕಡಿದವರಿಂದ ಕತ್ತಿ, ಗುರಾಣಿ, ಗಾಯ ಮಾಯಿಸುವ ಕೆಂಪು ಬಾಟಲಿ ಉದುರುತ್ತವೆ. ಆರಿಸಿಕೊಂಡು ಮತ್ತೆ ಮುಂದೆ. ಮನೆಯಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವ್ವನ ಪ್ರಕಾರ ನಾನು ಅಂಗಡಿಯ ಕೆಲಸವನ್ನೇ ಮನೆಗೆ ತಂದು ಮಾಡುತ್ತಿದ್ದೆ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಕಾಕಾಗೆ ಲಕ್ವಾ ಹೊಡೆಯಿತು. ಬೆಳಿಗ್ಗೆ ಹಟ್ಟಿಯ ಬಾಗಿಲು ತೆರೆಯಲು ಹೋದವನು ಅಗಳಿಯನ್ನು ಹಿಡಿದುಕೊಂಡೇ ಕುಸಿದ. ಮಿರಜಿನ ದವಾಖಾನೆಯಲ್ಲಿ ಜೀವ ಉಳಿಯಿತು. ಮೂರು ತಿಂಗಳಲ್ಲಿ ಕಾಲು ಬಂತು, ಎಳೆದೆಳೆದು ನಡೆಯತೊಡಗಿದ. ಬಲಗೈ ಬರಲಿಲ್ಲ. ಮುಷ್ಟಿ ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು. ಬೆರಳಿಗೆ ಕೆಲಸ ಕೊಡಬೇಕು, ಹೆಬ್ಬೆರಳಿಗೆ ವಿಶೇಷವಾಗಿ ಕೊಡಬೇಕು ಎಂದು ಡಾಕ್ಟರರು ಮರಾಠಿಯಲ್ಲಿ ಮೂರು ಸಲ ಹೇಳಿ ಹಿಚುಕಲು ಒಂದು ರಬ್ಬರಿನ ಚೆಂಡು ಕೊಟ್ಟರು. ಕಾಕಾ ಅದನ್ನು ಎರಡು ದಿನ ಹಿಚುಕಿ ಮೂರನೆಯ ದಿನ ನಾಯಿಗೆ ಕೊಟ್ಟ.

ಈ ನಡುವೆ ಹಿಂಡನ್ನು ಕಾಕು ಮತ್ತು ಅವಳ ತಮ್ಮ ಕಾಯುತ್ತಿದ್ದರು. ಆದರೆ ಕಾಕುವಿನ ತಮ್ಮನಿಗೆ ಅವನದೇ ಹಿಂಡಿತ್ತು. ದೀಪಾವಳಿ ಆದ ಮೇಲೆ ಕುರಿಗಳನ್ನು ಹೊಳೆಸಾಲಿನ ಕಡೆ ಹೊಡೆದುಕೊಂಡು ಹೋಗಬೇಕು, ನಾಲ್ಕೈದು ತಿಂಗಳು ಬಯಲಲ್ಲೇ ವಾಸ. ಅಪ್ಪ ಒಂದು ದಿನ ಬೇವಿನ ಗಿಡದ ಕೆಳಗೆ ಕುಳಿತು ಎಲ್ಲರ ಎದುರಿಗೆ ಹೇಳಿದ: "ತಮ್ಮಾ, ದೀಪಾವಳಿ ಮಟಾ ನೋಡೂನು. ಕೈ ಬಂತಂದ್ರ ಹಿಂಡ ನಿಂದ. ಬರಲಿಲ್ಲಂದ್ರ ಯಾರಿಗರ ಕೊಟ್ಟಬಿಡೂನು. ಮೂಕಪ್ರಾಣಿ, ಅವಕ್ಕ ತ್ರಾಸ ಬ್ಯಾಡ." ಕಾಕಾ ಹೂಂ ಎಂದು ತಲೆ ಆಡಿಸಿದ. ಅಪ್ಪನ ಮಾತಿನಲ್ಲಿ ತಪ್ಪಿರಲಿಲ್ಲ. ಕಾಕಾನ ಹತ್ತಿರ ಕುರಿ ಬಿಟ್ಟರೆ ಬೇರೆ ಏನೂ ಇರಲಿಲ್ಲ, ಅದೂ ನಮಗೆಲ್ಲ ಗೊತ್ತಿತ್ತು.

ಕಾಕಾ ಗೇಮಿಗೆ ಬಂದದ್ದು ಆಕಸ್ಮಿಕ. ನಾನು ಪಡಸಾಲೆಯಲ್ಲಿ ಆಡುತ್ತಿದ್ದೆ, ಕಾಕಾ ಗೋಡೆಗೆ ಒರಗಿ ನೋಡುತ್ತಿದ್ದ. ನಡುವೆ ಕೇಳಿದ: "ಇಷ್ಟು ಮಂದೀನ ಕಡದ್ಯಲ್ಲ, ಹೆಣ ಎಲ್ಲಿಗೆ ಹೋದ್ವು?"

"ತಾವ ಮಾಯ ಆಗ್ತಾವು ಕಾಕಾ."

"ಚಲೋ ಐತಿ. ಮತ್ತ ಆ ಗೌಡಗ ಇಷ್ಟು ಕಬ್ಬಿಣ ಯಾಕ ತೊಡಿಸೀರಿ? ಸೆಕಿ ಆಗೂದಿಲ್ಲೇನು?"

ಅಂದಿನಿಂದ ಆ ಯೋಧನ ಹೆಸರು ಗೌಡ. ನನ್ನ ಕೈಯಲ್ಲಿದ್ದ ಜಾಯ್‌ಸ್ಟಿಕ್ ನೋಡಿ ಅದು ಏನೇನು ಮಾಡುತ್ತದೆ ಎಂದು ವಿಚಾರಿಸಿದ. ಎಡ ಹೆಬ್ಬೆರಳಿನಿಂದ ಗೌಡನನ್ನು ನಡೆಸುವುದು, ಬಲ ಹೆಬ್ಬೆರಳಿನ ಕೆಳಗೆ ನಾಲ್ಕು ಗುಂಡಿ, ಒಂದು ಹೊಡೆಯಲು, ಒಂದು ಉರುಳಿ ತಪ್ಪಿಸಿಕೊಳ್ಳಲು ಎಂದೆಲ್ಲ ಹೇಳುತ್ತಿರುವಾಗಲೇ ನನಗೆ ಡಾಕ್ಟರರ ಮಾತು ನೆನಪಾಯಿತು. ಕಂಬಳಿ ಮಡಚಿ ಅವನ ತೊಡೆಯ ಮೇಲಿಟ್ಟು, ಅದರ ಮೇಲೆ ಜಾಯ್‌ಸ್ಟಿಕ್ ಇಟ್ಟು, ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿ ಕೂರಿಸಿದೆ. ಅವನು ಬೇಡ ಅನ್ನಲಿಲ್ಲ.

ಮೊದಲ ದಿನ ಒಂದು ಗುಂಡಿ ಒತ್ತಲು ಭುಜದಿಂದ ಇಡೀ ತೋಳನ್ನೇ ನೂಕಬೇಕಾಯಿತು. ಗೇಮಿನ ಆರಂಭದಲ್ಲಿ ಒಂದು ಮರದ ಸೇತುವೆ ಇದೆ. ಮೂರೇ ಮೂರು ಭೂತ, ಸಣ್ಣ ಮಕ್ಕಳೂ ದಾಟುತ್ತಾರೆ. ಗೌಡ ಅಲ್ಲಿ ಎಷ್ಟು ಸಲ ಸತ್ತ ಎಂದು ನಾನು ಲೆಕ್ಕ ಇಡಲಿಲ್ಲ. ಸತ್ತಾಗಲೆಲ್ಲ ಅವನು ಸೇತುವೆಯ ಈಚೆ ಮತ್ತೆ ಎದ್ದು ನಿಲ್ಲುತ್ತಾನೆ. ಕಾಕಾ ಪ್ರತಿ ಸಲವೂ ಹೊಸದಾಗಿ ಕಂಡಂತೆ, "ಎದ್ದ ನೋಡ ಮತ್ತ" ಎನ್ನುತ್ತಿದ್ದ. ಸೇತುವೆ ದಾಟಲು ಮೂರು ವಾರ ಹಿಡಿಯಿತು. ದಾಟಿದ ದಿನ ಕಾಕು ಚಹಕ್ಕೆ ಸಕ್ಕರೆ ಜಾಸ್ತಿ ಹಾಕಿದಳು, ಅಷ್ಟೇ.

ಆಮೇಲೆ ನಾನು ಕಲಿಯುವ ಸರದಿ ಬಂತು. ನಾಲ್ಕು ವರ್ಷದಿಂದ ಆಡುತ್ತಿದ್ದ ನನ್ನ ಪದ್ಧತಿ ಒಂದೇ: ರಾಕ್ಷಸರ ನಡುವೆ ನುಗ್ಗುವುದು, ಗುಂಡಿ ಒತ್ತುವುದು, ಕೆಂಪು ಬಾಟಲಿ ಕುಡಿಯುವುದು, ಆದರೂ ಸಾಯುವುದು. ಕಾಕಾ ನುಗ್ಗುತ್ತಲೇ ಇರಲಿಲ್ಲ. ಗೌಡನನ್ನು ಅಂಚಿನಲ್ಲಿ ಸುತ್ತ ಓಡಿಸುತ್ತಿದ್ದ. ಚದುರಿದ್ದ ರಾಕ್ಷಸರು ಬೆನ್ನು ಹತ್ತಿ ಬಂದು ಬಂದು ಒಂದೇ ಕಡೆ ಗುಂಪಾಗುತ್ತಿದ್ದರು. ಆಗ ತಿರುಗಿ ಒಂದು ಪೆಟ್ಟು, ಮತ್ತೆ ಸುತ್ತು. ಅವನ ಕೈ ನಿಧಾನವಿತ್ತು, ಹೆಚ್ಚು ಸಲ ಹೊಡೆಯಲು ಆಗುತ್ತಿರಲಿಲ್ಲ, ಆದ್ದರಿಂದ ಒಂದು ಪೆಟ್ಟಿಗೆ ಏಳೆಂಟು ಜನ ಸಿಗುವಂತೆ ನೋಡಿಕೊಳ್ಳುತ್ತಿದ್ದ. "ನಡುವ ಹೊಕ್ಕರ ಹಿಂಡ ನಿನ್ನ ಮಾತ ಕೇಳೂದಿಲ್ಲವ್ವಾ. ಅಂಚ ಹಿಡಿ" ಎಂದ. ನಾನು ಅಂಚು ಹಿಡಿದೆ. ಕೆಂಪು ಬಾಟಲಿಗಳಲ್ಲಿ ಅರ್ಧದಷ್ಟು ಉಳಿಯತೊಡಗಿದವು.

ಶ್ರಾವಣದಲ್ಲಿ ಗೌಡ ಹಿಮದ ಕಾಡಿಗೆ ಬಂದ. ಅಲ್ಲೊಂದು ಗುಡಿಸಲು, ಗುಡಿಸಲಿನಲ್ಲಿ ಒಬ್ಬ ಮುದುಕ. ಅವನು ಇಂಗ್ಲಿಷಿನಲ್ಲಿ ಏನೋ ಹೇಳಿದ. ಇಂಗ್ಲಿಷಿನ ಮಾತು ಬಂದಾಗಲೆಲ್ಲ ಕಾಕಾ ಕೈ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ, ನಾನು ಓದಿ ಹೇಳುತ್ತಿದ್ದೆ.

"ಈ ಕಾಡಿನಾಗ ಹನ್ನೆರಡು ತೋಳ ಅದಾವಂತ. ಅವನ್ನ ಕೊಂದ ಬಂದ್ರ ಕ್ವಾಟಿ ಕಡೆ ಹೋಗು ಬಾಗಿಲದ ಕೀಲಿ ಕೊಡ್ತೀನಿ ಅಂತಾನ."

ಕಾಕಾ ಪರದೆಯ ಮೇಲೆ ಕಣ್ಣಿಟ್ಟು ಕೂತ. ಹಿಮದಲ್ಲಿ ಬೂದುಬಣ್ಣದ ತೋಳಗಳು ಓಡಾಡುತ್ತಿದ್ದವು.

"ತೋಳ ಬ್ಯಾಡ" ಎಂದ.

ನಮ್ಮಲ್ಲಿ ಕುರಿ ಕಾಯುವವರು ತೋಳಕ್ಕೆ ಕೈ ಮಾಡುವುದಿಲ್ಲ. ಕೂಗುತ್ತಾರೆ, ನಾಯಿ ಬಿಡುತ್ತಾರೆ, ಕೋಲು ನೆಲಕ್ಕೆ ಬಡಿಯುತ್ತಾರೆ. ಆದರೂ ಅದು ಒಂದು ಮರಿ ಕಚ್ಚಿಕೊಂಡು ಹೋದರೆ, ಅವನ ಪಾಲು ಅವನು ಒಯ್ದ ಎಂದು ಸುಮ್ಮನಾಗುತ್ತಾರೆ. ವಿಷ ಇಡುವುದಿಲ್ಲ, ಗವಿಗೆ ಬೆಂಕಿ ಹಚ್ಚುವುದಿಲ್ಲ. ತೋಳಕ್ಕೆ ಕೈ ಮಾಡಿದವನ ಹಿಂಡು ಬೆಳೆಯುವುದಿಲ್ಲ ಎಂಬುದು ನಮ್ಮ ಮಂದಿಯ ನಂಬಿಕೆ. ಕಾಕಾನ ಹಿಂಡು ಈಗಲೋ ಆಗಲೋ ಎಂಬಂತಿತ್ತು. ಅಂಥ ಹೊತ್ತಿನಲ್ಲಿ ಅವನು ಲ್ಯಾಪ್‌ಟಾಪಿನ ತೋಳವನ್ನೂ ಮುಟ್ಟಲು ತಯಾರಿರಲಿಲ್ಲ.

"ಇವು ಖರೇ ತೋಳ ಅಲ್ಲ ಕಾಕಾ, ಚಿತ್ರ."

"ಕೈ ಖರೇದ ಐತಲ್ಲ" ಎಂದ.

ಅಲ್ಲಿಂದ ಮುಂದಿನ ದಿನಗಳೆಲ್ಲ ತೋಳಗಳಿಂದ ತಪ್ಪಿಸಿಕೊಳ್ಳುವುದೇ ಆಟ. ಅವು ಹಾರಿ ಬಂದಾಗ ಗೌಡ ಉರುಳಬೇಕು, ಉರುಳುವ ಗುಂಡಿ ಬಲ ಹೆಬ್ಬೆರಳಿನದು. ಕೊಡಲಿ ಎತ್ತದೆ ಕಾಡು ಸುತ್ತಿ ಬರುತ್ತಿದ್ದ. ದಿನಕ್ಕೆ ನೂರು ಸಲ ಉರುಳಿದರೆ ಹೆಬ್ಬೆರಳು ನೂರು ಸಲ ಬಗ್ಗಬೇಕಲ್ಲ. ಅದು ಬಗ್ಗತೊಡಗಿತು. ಆದರೆ ಬಾಗಿಲು ಮಾತ್ರ ತೆರೆಯಲಿಲ್ಲ, ಮತ್ತು ಒಂದೇ ಕಾಡನ್ನು ನೋಡಿ ನೋಡಿ ನನಗೆ ಬೇಜಾರಾಯಿತು. ಅವನಿಗೂ ಬೇಜಾರಾಗಿ ಆಟವನ್ನೇ ಬಿಟ್ಟರೆ ಕೈ ಅಲ್ಲಿಗೇ ನಿಲ್ಲುತ್ತದೆ ಎಂಬ ಭಯ ಬೇರೆ. ಹಾಗಾಗಿ ಅಪ್ಪ ಅವನನ್ನು ತಪಾಸಣೆಗೆಂದು ಮಿರಜಿಗೆ ಕರೆದೊಯ್ದ ದಿನ ನಾನು ಕೂತು ಹನ್ನೆರಡೂ ತೋಳಗಳನ್ನು ಕಡಿದು, ಕೀಲಿ ಇಸಿದುಕೊಂಡು, ಬಾಗಿಲು ತೆರೆದಿಟ್ಟೆ. ಹತ್ತು ನಿಮಿಷದ ಕೆಲಸ. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡೆ.

ಮರುದಿನ ಕಾಕಾ ಖುಷಿಯಲ್ಲೇ ಬಂದು ಕೂತ. ಕೈ ಸುಧಾರಿಸಿದೆ ಎಂದು ಡಾಕ್ಟರರು ಹೇಳಿದ್ದರಂತೆ. ಗೌಡನನ್ನು ನಾಲ್ಕು ಹೆಜ್ಜೆ ನಡೆಸಿ ನಿಂತುಬಿಟ್ಟ. ಹಟ್ಟಿಯ ಬಾಗಿಲಲ್ಲಿ ನಿಂತು ನೋಡುವಂತೆ ಪರದೆಯನ್ನು ಒಂದು ಸಲ ನೋಡಿದ.

"ತೋಳ ಎಲ್ಲಿ?"

"ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲೂ ಮಾಡಿದ್ರ ಒಮ್ಮೊಮ್ಮೆ ಹೋಗ್ತಾವು ಕಾಕಾ."

"ಬಾಗಿಲಾ?"

"ಅದೂ ತೆರಕೊಂಡತಿ."

ಅವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. "ಕುರಿ ಕಾಯೋ ಮನಷ್ಯಾನ ಮುಂದ ಸುಳ್ಳ ನಡ್ಯೂದಿಲ್ಲವ್ವಾ" ಎಂದು ಜಾಯ್‌ಸ್ಟಿಕ್ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಎದ್ದು ಹೋದ. ಮೂರು ದಿನ ಪಡಸಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಕಾಕು ನೀರು ತರುವ ನೆಪದಲ್ಲಿ ಬಂದು, "ಏನಂದಿಯವ್ವಾ ಅವರಿಗೆ? ಮುಷ್ಟಿ ಮತ್ತ ಬಿಗಿ ಆಗಾಕತ್ತೈತಿ" ಎಂದಳು. ನನಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಕಾಕಾ ಹಟ್ಟಿಯ ಕಲ್ಲಿನ ಮೇಲೆ ಕೂತಿದ್ದ. ಬೈಯಲಿಲ್ಲ. "ನಿನ್ನ ಕೈ ಮಾಡಿದ್ದನ್ನ ನನ್ನ ಕೈ ಮಾಡೇತಿ ಅಂತ ನಾ ಹೆಂಗ ಅನ್ಕೊಳ್ಳಿ?" ಎಂದು ಕೇಳಿದ. ಆಮೇಲೆ "ಮೊದಲಿಂದ ಚಾಲೂ ಮಾಡಾಕ ಬರ್ತೈತೇನು?" ಎಂದ.

"ಬರ್ತೈತಿ. ಆದ್ರ ಗಳಿಸಿದ್ದೆಲ್ಲಾ ಹೋಗ್ತೈತಿ. ಕೊಡಲಿ, ಉಕ್ಕಿನ ಅಂಗಿ, ಎಲ್ಲಾ."

"ಹೋಗ್ಲಿ. ಹಚ್ಚು."

ಗೌಡ ಬರಿಮೈಯಲ್ಲಿ ಮತ್ತೆ ಸೇತುವೆಯ ಈಚೆ ನಿಂತ. ಹಿಂದೆ ಮೂರು ವಾರ ತಿಂದಿದ್ದ ಸೇತುವೆಯನ್ನು ಈ ಸಲ ಎರಡು ದಿನದಲ್ಲಿ ದಾಟಿದ. ಹಿಮದ ಕಾಡು ಬಂತು, ಹನ್ನೆರಡು ತೋಳ ಬಂದವು, ಮುದುಕ ಮತ್ತೆ ಅದೇ ಇಂಗ್ಲಿಷ್ ಹೇಳಿದ. ಕಾಕಾ ಅವನಿಗೆ ಬೆನ್ನು ಹಾಕಿ ಕಾಡಿನ ಅಂಚು ಹಿಡಿದು ಹೊರಟ. ಮೂಲೆ ಮೂಲೆ ನೋಡುತ್ತ ಹೋದವನಿಗೆ ಒಂದು ಹೆಪ್ಪುಗಟ್ಟಿದ ಹೊಳೆ ಸಿಕ್ಕಿತು, ಅದರ ಮೇಲಿಂದ ಕೋಟೆಯ ಕಡೆಗೆ ಬೇರೆ ದಾರಿಯೇ ಇತ್ತು. ತುಂಬ ದೂರದ ದಾರಿ, ಹೆಜ್ಜೆ ಹೆಜ್ಜೆಗೂ ಎಲುಬಿನ ಸೈನಿಕರು. ತೋಳ ಕಡಿಯುವುದು ಸುಲಭವಿದ್ದುದರಿಂದ ನಾನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ಕಡೆ ಹೋಗಿರಲಿಲ್ಲ. "ಇವರನ್ನ ಕಡೀಬಹುದೇನು ಕಾಕಾ?" ಎಂದು ಛೇಡಿಸಿದೆ. "ಸತ್ತವರನ್ನ ಮತ್ತ ಕಡದ್ರ ಏನ ಪಾಪ?" ಎಂದು ಹೊಡೆಯತೊಡಗಿದ. ದೀಪಾವಳಿ ಬರುವ ಹೊತ್ತಿಗೆ ಅವನು ಆ ಕೈಯಿಂದಲೇ ಊಟ ಮಾಡುತ್ತಿದ್ದ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

ಪಾಡ್ಯದ ದಿನ ಕುರಿಗಳಿಗೆ ಪೂಜೆ. ಅದು ಮುಗಿದ ಮರುದಿನ ಬೆಳಿಗ್ಗೆ ಎಲ್ಲರೂ ಹಟ್ಟಿಗೆ ಹೋದೆವು. ಕುರಿಯನ್ನು ಹಿಂಗಾಲು ಹಿಡಿದು ನಿಲ್ಲಿಸಬೇಕು, ಅದು ಕುರಿಗಾರನ ಮೊದಲ ಕೆಲಸ. ಎಡಗೈಯಲ್ಲಿ ಹಿಡಿದರಾಯಿತು ಅನ್ನುವಂತಿಲ್ಲ, ಹಿಡಿದ ಮೇಲೆ ಕೆಡವಲು, ಮದ್ದು ಕುಡಿಸಲು, ಉಣ್ಣೆ ಕತ್ತರಿಸಲು ಎರಡೂ ಕೈ ಬೇಕು. ಅಪ್ಪ ಹಿಂಡಿನೊಳಗೆ ಹೋಗಿ ಒಂದು ಕುರಿಯನ್ನು ಕಾಕಾನ ಮುಂದೆ ನೂಕಿ, "ಬಲಗೈಲೆ ಹಿಡಿ ನೋಡೂನು" ಎಂದ. ಕಾಕಾ ಬಗ್ಗಿ ಹಿಡಿದ. ಕುರಿ ಒಂದೆರಡು ಸಲ ಕೊಸರಿ ನಿಂತುಬಿಟ್ಟಿತು. ಕಾಕು ಸೆರಗು ಬಾಯಿಗೆ ಇಟ್ಟುಕೊಂಡು, "ಬಂತು, ಕೈ ಬಂತು" ಎಂದಳು. ಅವ್ವನೂ ಕಣ್ಣೊರಸಿಕೊಂಡಳು. ಅಪ್ಪ ಆಗಲೇ ಹಟ್ಟಿಯಿಂದ ಹೊರಗೆ ಹೊರಟಿದ್ದ.

ಕಾಕಾ ಕುರಿಯ ಕಾಲು ಬಿಟ್ಟ. "ಅಣ್ಣಾ, ನಿಂದರು" ಎಂದ. "ಇದು ಹಲ್ಲ ಬಿದ್ದ ಮುದುಕಿ. ಇದು ನಾ ಕರದ್ರೂ ನಿಂದರತೈತಿ. ಇದನ್ನ ಹಿಡದು ತೋರ್ಸಿದ್ರ ಹಿಂಡ ಕಾದಂಗ ಆತೇನು?"

ಅಪ್ಪ ನೆಲ ನೋಡಿದ. ತಿಳಿದೇ ಆರಿಸಿ ತಂದಿದ್ದ. ಅಪ್ಪನನ್ನು ನಾನು ಅಂದಿನಷ್ಟು ಎಂದೂ ಇಷ್ಟಪಟ್ಟಿಲ್ಲ.

ಕಾಕಾ ಹಿಂಡಿನೊಳಗೆ ತಾನೇ ನಡೆದು ಎರಡು ವರ್ಷದ ಟಗರಿನ ಹಿಂದೆ ಹೋದ. ಅಂಚಿನಿಂದ ಸುತ್ತಿ, ಮೂಲೆಗೆ ತಂದು, ಬಗ್ಗಿ ಕಾಲು ಹಿಡಿದ. ಹೆಬ್ಬೆರಳು ಮಡಚಿ ಬಿಗಿಯಿತು, ನಾನು ಕಣ್ಣಾರೆ ನೋಡಿದೆ. ಟಗರು ಒಮ್ಮೆ ಜಾಡಿಸಿತು, ಹಿಡಿತ ಉಳಿಯಿತು. ಎರಡನೆಯ ಸಲ ಜಾಡಿಸಿ ಬಿಡಿಸಿಕೊಂಡು ಹೋಯಿತು. ಕಾಕಾ ಮತ್ತೊಮ್ಮೆ ಹಿಡಿದ. ಮತ್ತೆ ಹೋಯಿತು. ಮೂರನೆಯ ಸಲ ಅವನೇ ಬಿದ್ದ. ಎತ್ತಲು ಹೋದ ನನಗೆ ಕೈ ಅಡ್ಡ ಹಿಡಿದು, ತಾನೇ ಎದ್ದು, ಮೊಣಕಾಲಿನ ಹಿಕ್ಕೆ ಕೊಡವಿಕೊಂಡ.

"ಕೊಟ್ಟಬಿಡು ಅಣ್ಣಾ" ಎಂದ.

ಆ ಮುದಿ ಕುರಿಯನ್ನು ಹಿಡಿದಾಗಲೇ ಅವನು ಸುಮ್ಮನಿದ್ದಿದ್ದರೆ ಸಾಕಿತ್ತು. ಅಲ್ಲಿದ್ದ ನಾವೆಲ್ಲರೂ ಮೋಸಹೋಗಲು ತಯಾರಾಗಿಯೇ ನಿಂತಿದ್ದೆವು. ಹಿಂಡು ಕುಣಿಕೋಣೂರಿನ ನಮ್ಮ ಬೀಗರ ಪೈಕಿ ಒಬ್ಬರಿಗೆ ಹೋಯಿತು. ಯಾವ ಕುರಿಗೆ ಯಾವ ಸೊಪ್ಪು ಆಗದು, ಯಾವುದು ಮರಿಯನ್ನು ಹತ್ತಿರ ಸೇರಿಸುವುದಿಲ್ಲ ಎಂದು ಕಾಕಾ ಒಂದೊಂದನ್ನೂ ತೋರಿಸಿ ಹೇಳಿಕೊಟ್ಟ. ಅವು ಹೋಗುವಾಗ ದಾರಿಯ ತನಕವೂ ಬರಲಿಲ್ಲ. ಅಂದು ಸಂಜೆ ನಾನು ಕೆಲಸದಿಂದ ಬಂದಾಗ ಪಡಸಾಲೆಯಲ್ಲಿ ಕಂಬಳಿ ಮಡಚಿಕೊಂಡು ಕೂತಿದ್ದ. ಕಣ್ಣು ಕೆಂಪಗಿದ್ದವು. "ಕೈ ಕುರಿಗೆ ಸಾಲಲಿಲ್ಲ. ಇದಕ್ಕ ಸಾಲ್ತೈತಿ. ಹಚ್ಚು" ಎಂದ.

ಶಿವರಾತ್ರಿಗೆ ಸ್ವಲ್ಪ ಮುಂಚೆ ಗೌಡ ಕೋಟೆ ಹೊಕ್ಕು ರಾಕ್ಷಸ ರಾಜನನ್ನು ಕೆಡವಿದ. ಆ ರಾಜನನ್ನು ನಾನು ಆ ಹೊತ್ತಿನವರೆಗೂ ಕೆಡವಿರಲಿಲ್ಲ, ಈಗಲೂ ಕೆಡವಿಲ್ಲ. ಪರದೆಯ ತುಂಬ ಪಟಾಕಿ ಹಾರಿದವು. ಕಾಕಾ ಸ್ವಲ್ಪ ಹೊತ್ತು ನೋಡಿ, "ಇನ್ನ ಆ ಊರ ಯಾರ ಕಾಯ್ತಾರ?" ಎಂದು ಕೇಳಿ, ಚಹ ಕುಡಿಯಲು ಎದ್ದು ಹೋದ.

ಎರಡು ವರ್ಷ ಹೀಗೇ ಕಳೆದವು. ಅಂಗಡಿಗೆ ಬರುವ ಮುದುಕರು ಸಹಿ ಮಾಡಲು ಕೂತರೆ ನಾನು ಮೊದಲೆಲ್ಲ ಅವಸರಪಡಿಸಿ ಹೆಬ್ಬೆಟ್ಟು ಒತ್ತಿಸಿಬಿಡುತ್ತಿದ್ದೆ. ಈಗ ಅಕ್ಷರಕ್ಕೆ ಐದು ನಿಮಿಷ ಹಿಡಿದರೂ ಕಾಯುತ್ತೇನೆ. ಹಿಂದೆ ಸಾಲು ನಿಂತವರು ಗೊಣಗುತ್ತಾರೆ, ಗೊಣಗಲಿ. ಇದು ಕಾಕಾನಿಂದ ನನಗೆ ಬಂದದ್ದು, ಬೇರೆ ಯಾರೂ ಇದನ್ನು ಕಲಿಸುತ್ತಿರಲಿಲ್ಲ.

ಹೋದ ವರ್ಷ ಮಳೆ ಶುರುವಾದ ವಾರದಲ್ಲಿ ಅವನಿಗೆ ಎರಡನೆಯ ಸಲ ಲಕ್ವಾ ಹೊಡೆಯಿತು. ಈ ಸಲ ಎಡಭಾಗ ಹೋಯಿತು. ಮಾತೂ ಹೋಯಿತು. ಮಿರಜಿನ ಅದೇ ದವಾಖಾನೆಯಲ್ಲಿ ಮೂರೇ ದಿನ ಬದುಕಿದ್ದ. ಅಷ್ಟು ದೊಡ್ಡ ಮೈಯಲ್ಲಿ ಅವನು ಹೇಳಿದಂತೆ ಕೇಳುತ್ತಿದ್ದದ್ದು ಆ ಬಲಗೈ ಒಂದೇ. ಕಾಕು ಮಗ್ಗುಲಲ್ಲಿ ಕೂತಾಗ ಅವಳ ಮಣಿಕಟ್ಟನ್ನು ಅದರಿಂದಲೇ ಹಿಡಿದುಕೊಂಡಿರುತ್ತಿದ್ದ. ಎರಡನೆಯ ದಿನ ಮಧ್ಯಾಹ್ನ, ಒಂದೆರಡು ಗುಟುಕು ನೀರು ಕೊಡಬಹುದು ಎಂದು ಡಾಕ್ಟರರು ಹೇಳಿದರು. ನಾವು ಅವನನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ನಾನು ಚಮಚೆ ಬಾಯಿಯ ಹತ್ತಿರ ಒಯ್ದೆ. ಅವನು ತುಟಿ ತೆರೆಯಲಿಲ್ಲ, ನನ್ನ ಇನ್ನೊಂದು ಕೈಯಲ್ಲಿದ್ದ ಲೋಟವನ್ನು ನೋಡಿದ. ಕೊಟ್ಟೆ. ಹೆಬ್ಬೆರಳು ಬಗ್ಗಿ ಲೋಟವನ್ನು ಹಿಡಿಯಿತು, ಕೈ ನಡುಗುತ್ತ ಮೇಲಕ್ಕೆ ಹೋಯಿತು. ಕಾಕು ಕೆಳಗಿನಿಂದ ಆಸರೆ ಕೊಡಲು ಕೈ ಚಾಚಿದಳು, ನಾನು ಅವಳನ್ನು ತಡೆದೆ. ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಉಳಿದರ್ಧವನ್ನು ಕಾಕಾ ತಾನೇ ಕುಡಿದ.